ಹುಳಿಯಿಲ್ಲದ ವಾಂತಿ: ಅನ್ನನಾಳದ ಗೇಟು ತೆರೆಯದ ಹುಡುಗಿಯ ಪ್ರಕರಣ

ಹುಡುಗಿಗೆ 11 ವರ್ಷ. ತೂಕ 22 ಕಿಲೋ. ಹೆಸರು, ಊರು ಬರೆಯುವುದಿಲ್ಲ. ಹಾವೇರಿ ಕಡೆಯ ಹಳ್ಳಿ ಅಂದರೆ ಸಾಕು. ಅಪ್ಪ ಗೋವಿನಜೋಳ ಬೆಳೆಯುತ್ತಾರೆ, ಅವ್ವ ಕೂಲಿಗೂ ಹೋಗುತ್ತಾರೆ. ಮಕ್ಕಳ ಸರ್ಜರಿ ಓಪಿಡಿಗೆ ಬಂದಾಗ ಅವ್ವನ ಕೈಯಲ್ಲಿ ಬಟ್ಟೆ ಅಂಗಡಿಯ ಒಂದು ಚೀಲ ಇತ್ತು. ಅದರೊಳಗೆ ಎರಡು ವರ್ಷದ ಚೀಟಿಗಳು, ಮೂರು ಎಕ್ಸ್‌ರೇ, ಎರಡು ಇನ್ಹೇಲರ್, ಅರ್ಧ ಉಳಿದ ಸಿರಪ್ ಬಾಟಲಿ.

ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿಕೊಂಡು ಓದಿದೆ. ಮೊದಲು ರಾತ್ರಿ ಕೆಮ್ಮು. ಅಸ್ತಮಾ ಇರಬಹುದು ಅಂತ ಇನ್ಹೇಲರ್. ಆಮೇಲೆ ವಾಂತಿ. ಗ್ಯಾಸ್, ಆಸಿಡಿಟಿ ಅಂತ ಮಾತ್ರೆ. ತೂಕ ಇಳಿಯಿತು, ಕೆಮ್ಮು ನಿಲ್ಲಲಿಲ್ಲ. ಟಿಬಿ ಅನುಮಾನ ಬಂತು. ಕಫ ಪರೀಕ್ಷೆ, ಎದೆಯ ಎಕ್ಸ್‌ರೇ ಎಲ್ಲ ಆಯಿತು, ಟಿಬಿ ಇರಲಿಲ್ಲ. ಕೊನೆಯ ಚೀಟಿಯಲ್ಲಿ 'ಊಟದ ವಿಷಯದಲ್ಲಿ ಹಠ, ಕೌನ್ಸೆಲಿಂಗ್ ಬೇಕು' ಅಂತ ಬರೆದಿತ್ತು. ಈ ನಡುವೆ ದೃಷ್ಟಿ ತೆಗೆಸಿದ್ದೂ ಆಗಿತ್ತು, ತೋಳಿಗೆ ಕರಿ ದಾರ ಕಟ್ಟಿಸಿದ್ದೂ ಆಗಿತ್ತು.

ಇದರಲ್ಲಿ ಯಾವುದೂ ಬೇಜವಾಬ್ದಾರಿ ಅಲ್ಲ. ಕೆಮ್ಮುವ ಮಗುವಿಗೆ ಅಸ್ತಮಾ ಇರುವ ಸಾಧ್ಯತೆಯೇ ಜಾಸ್ತಿ. ಸೊರಗಿದ ಮಗುವಿನಲ್ಲಿ ಟಿಬಿ ಹುಡುಕಲೇಬೇಕು. ಆದರೆ ಎರಡು ವರ್ಷದಲ್ಲಿ ಒಬ್ಬ ವೈದ್ಯರೂ ಆ ಮಗು ಊಟ ಮಾಡುವುದನ್ನು ಕಣ್ಣಾರೆ ನೋಡಿರಲಿಲ್ಲ. ನೋಡಿದ್ದವರು ಶಾಲೆಯ ಬಿಸಿಯೂಟದ ಅಡುಗೆಯವರು. "ಈ ಹುಡುಗಿ ಹಾಲು ಕುಡೀತಾಳ, ಸಾರು ಕುಡೀತಾಳ, ಅನ್ನ ಮಾತ್ರ ಬಿಡ್ತಾಳ. ಗಂಟಲದಾಗ ಏನೋ ಐತಿ, ದೊಡ್ಡ ದವಾಖಾನಿಗೆ ತೋರಿಸ್ರಿ" ಅಂತ ಅವ್ವನಿಗೆ ಹೇಳಿದ್ದು ಅವರೇ. ತೊಂದರೆ ಇದ್ದದ್ದು ಗಂಟಲಲ್ಲಿ ಅಲ್ಲ, ಇನ್ನೂ ಕೆಳಗೆ. ಆದರೂ ಎಲ್ಲರಿಗಿಂತ ಹತ್ತಿರಕ್ಕೆ ಹೋದವರು ಅವರೇ.

ದಿಂಬು ಮತ್ತು ಬುತ್ತಿ

ನಾನು ಕೆಮ್ಮಿನ ಬಗ್ಗೆ ಕೇಳಿದೆ. ಅವ್ವ ಹೇಳಿದ್ದು ದಿಂಬಿನ ಬಗ್ಗೆ.

"ರಾತ್ರಿ ಮಲಗಿದಾಗ ಬಾಯಿಂದ ಬರತೈತ್ರಿ ಮೇಡಂ. ಮುಂಜಾನೆ ನೋಡಿದ್ರ ದಿಂಬು ಎಲ್ಲಾ ಹಸಿ. ಅನ್ನದ ಅಗಳು ಹಂಗ ಅಂಟಿರ್ತಾವು."

"ವಾಸನೆ ಹೇಗಿರುತ್ತಮ್ಮ? ಹುಳಿ ಹುಳಿ?"

ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಇಲ್ರಿ. ಹುಳಿ ಇರೂದಿಲ್ಲ. ಉಂಡದ್ದು ಉಂಡಂಗ ಇರತೈತಿ."

ಈ ಒಂದು ಉತ್ತರದಿಂದ ಅರ್ಧ ದಾರಿ ಮುಗಿಯಿತು. ಹೊಟ್ಟೆಗೆ ಹೋಗಿ ವಾಪಸ್ ಬಂದ ಅನ್ನಕ್ಕೆ ಆಸಿಡ್ ಸೇರಿರುತ್ತದೆ, ಹುಳಿಯಾಗಿರುತ್ತದೆ. ರಾತ್ರಿ ಎಂಟಕ್ಕೆ ಉಂಡದ್ದು ಬೆಳಗಿನ ಜಾವ ಹುಳಿಯಿಲ್ಲದೆ ಹೊರಗೆ ಬಂತು ಅಂದರೆ ಅದು ಹೊಟ್ಟೆಗೆ ಇಳಿದೇ ಇಲ್ಲ. ಅಷ್ಟೂ ಹೊತ್ತು ಅನ್ನನಾಳದಲ್ಲೇ ನಿಂತಿತ್ತು. ನಿದ್ದೆಯಲ್ಲಿ ಅದೇ ಸ್ವಲ್ಪ ಸ್ವಲ್ಪ ಶ್ವಾಸನಾಳಕ್ಕೆ ಜಾರುತ್ತಿತ್ತು. ಕೆಮ್ಮು ಬರುತ್ತಿದ್ದದ್ದು ಅದಕ್ಕೆ.

ಬುತ್ತಿ ತಂದಿದ್ದೀರಾ ಅಂತ ಕೇಳಿದೆ. ತಂದಿದ್ದರು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ. ಬೇರೆ ರೋಗಿಗಳನ್ನು ನೋಡುತ್ತಲೇ ಅವಳನ್ನು ಎದುರಿಗೆ ಕೂರಿಸಿ ಊಟ ಮಾಡಲು ಹೇಳಿದೆ.

ಉಗುರಿನಷ್ಟು ತುಂಡು ಮುರಿದಳು. ತುಂಬಾ ಹೊತ್ತು ಅಗಿದಳು. ನುಂಗಿ ಎರಡು ಗುಟುಕು ನೀರು ಕುಡಿದಳು. ಮತ್ತೊಂದು ತುಂಡು, ಮತ್ತೆ ನೀರು. ನಾಲ್ಕನೇ ತುಂಡಿಗೆ ಎದ್ದು ನಿಂತಳು. ಕತ್ತು ನೆಟ್ಟಗೆ ಮಾಡಿ, ಭುಜ ಹಿಂದಕ್ಕೆ ಎಳೆದು, ಉಸಿರು ಬಿಗಿಹಿಡಿದು ಮೂರು ಗುಟುಕು ನೀರು ಕುಡಿದಳು. ಎದೆಯ ನಡುವೆ ಕೈಯಿಟ್ಟು ಕಾದಳು. ಏನೋ ಇಳಿದ ಹಾಗಾಯಿತು, ಮತ್ತೆ ಕುಳಿತಳು. ಅರ್ಧ ರೊಟ್ಟಿಗೆ 35 ನಿಮಿಷ ಹಿಡಿಯಿತು, ಒಂದು ಲೀಟರಿನ ಬಾಟಲಿ ಹೆಚ್ಚುಕಡಿಮೆ ಖಾಲಿಯಾಯಿತು.

ಎದ್ದು ನಿಲ್ಲೋದನ್ನ ಯಾರು ಹೇಳಿಕೊಟ್ಟರು ಅಂತ ಕೇಳಿದರೆ ಸುಮ್ನೆ ತಲೆ ಅಲ್ಲಾಡಿಸಿದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಅನ್ನನಾಳದಲ್ಲಿ ನೀರಿನ ಕಂಬ ನಿಲ್ಲಿಸಿ, ಉಸಿರು ಬಿಗಿಹಿಡಿದು ಎದೆಯೊಳಗಿನ ಒತ್ತಡ ಏರಿಸಿದರೆ ಕೆಳಗಿನ ಬಾಗಿಲು ಸ್ವಲ್ಪ ತೆರೆಯುತ್ತದೆ. ಎರಡು ವರ್ಷದ ಹಸಿವಿನಲ್ಲಿ ಆ ಮಗು ತಾನಾಗೇ ಇದನ್ನು ಕಂಡುಕೊಂಡಿತ್ತು. ಇಂಥ ಮಗುವಿಗೆ ಹಠ ಅನ್ನುವ ಹೆಸರು ಕೊಟ್ಟಿದ್ದೆವು. ನಾವು ಅಂತಲೇ ಬರೆಯುತ್ತಿದ್ದೇನೆ, ಯಾಕೆಂದರೆ ಬಿಡುವಿಲ್ಲದ ದಿನದಲ್ಲಿ ನಾನೂ ಹಾಗೇ ಬರೆದುಬಿಡಬಹುದಿತ್ತು.

ಕಾಲುವೆಯ ಗೇಟು

ಕಾಯಿಲೆಯ ಹೆಸರು ಅಕಲೇಸಿಯಾ ಕಾರ್ಡಿಯಾ. ಅಪ್ಪನಿಗೆ ಕಾಲುವೆಯ ಹೋಲಿಕೆ ಕೊಟ್ಟು ಹೇಳಿದೆ. ಅನ್ನನಾಳ ಅಂದರೆ ಬಾಯಿಯಿಂದ ಹೊಟ್ಟೆಗೆ ಹೋಗುವ ಕಾಲುವೆ. ಕೆಳತುದಿಯಲ್ಲಿ, ಹೊಟ್ಟೆ ಸೇರುವ ಕಡೆ, ಬಳೆಯಂಥ ಒಂದು ಸ್ನಾಯು ಇದೆ. ಅದೇ ಗೇಟು. ಸುಮ್ಮನಿದ್ದಾಗ ಮುಚ್ಚಿರಬೇಕು, ತುತ್ತು ನುಂಗಿದ ಕೂಡಲೇ ಸಡಿಲವಾಗಬೇಕು. ಸಡಿಲವಾಗು ಅಂತ ಹೇಳುವ ನರಕೋಶಗಳು ಅನ್ನನಾಳದ ಗೋಡೆಯೊಳಗೇ ಇರುತ್ತವೆ. ಈ ಕಾಯಿಲೆಯಲ್ಲಿ ಆ ಕೋಶಗಳು ಸಾಯುತ್ತವೆ. ಗೇಟು ತೆರೆಯುವುದಿಲ್ಲ. ಇನ್ನೊಂದು ನಷ್ಟವೂ ಇದೆ. ಅನ್ನನಾಳ ಬರೀ ಪೈಪ್ ಅಲ್ಲ, ತುತ್ತನ್ನು ಅಲೆ ಅಲೆಯಾಗಿ ಕೆಳಗೆ ತಳ್ಳುತ್ತದೆ. ಆ ತಳ್ಳುವ ಶಕ್ತಿಯೂ ಹೋಗುತ್ತದೆ. ಮೇಲಿಂದ ನೀರು ಬರುತ್ತಲೇ ಇರುತ್ತದೆ, ಕೆಳಗೆ ಗೇಟು ಮುಚ್ಚಿದೆ. ಕಾಲುವೆ ತುಂಬಿ ಉಬ್ಬುತ್ತದೆ.

ಕೋಶಗಳು ಯಾಕೆ ಸಾಯುತ್ತವೆ ಅನ್ನುವುದು ಬಹಳ ಮಕ್ಕಳಲ್ಲಿ ತಿಳಿಯುವುದಿಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಿ ಆ ಕೋಶಗಳ ಮೇಲೆ ತಿರುಗಿಬೀಳುತ್ತದೆ ಅನ್ನುವುದು ಈಗಿರುವ ಮುಖ್ಯ ಅನುಮಾನ. ಅವ್ವನ ಮನಸ್ಸಿನಲ್ಲಿ ಬೇರೆಯದೇ ಇತ್ತು. "ಸಣ್ಣಾಕಿದ್ದಾಗ ಖಾರ ಭಾಳ ತಿನ್ಸಿದ್ನಿರಿ, ಅದಕ್ಕ ಆತೇನ್ರಿ?" ಅಂತ ಕೇಳಿದರು. ಖಾರದಿಂದ ಇದು ಬರುವುದಿಲ್ಲ. ಬೈದದ್ದರಿಂದ, ಹೆದರಿಸಿ ತಿನ್ನಿಸಿದ್ದರಿಂದಲೂ ಬರುವುದಿಲ್ಲ. ಇದನ್ನು ಮೂರು ಸಲ ಹೇಳಿದೆ. ಮೂರನೇ ಸಲಕ್ಕೆ ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

ಮಕ್ಕಳಲ್ಲಿ ಇದು ಅಪರೂಪ. ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಒಂದು ಹೊಸ ಪ್ರಕರಣವೂ ಸಿಗುವುದಿಲ್ಲ. ಅಪರೂಪ ಆಗಿರುವುದಕ್ಕೇ ತಡವಾಗುತ್ತದೆ.

ಹಳೆಯ ಎಕ್ಸ್‌ರೇಯಲ್ಲಿ ಇಲ್ಲದ ಗುಳ್ಳೆ

ಹೊಸ ಪರೀಕ್ಷೆ ಬರೆಯುವ ಮೊದಲು ಚೀಲದಲ್ಲಿದ್ದ ಎಕ್ಸ್‌ರೇಗಳನ್ನು ಬೆಳಕಿಗೆ ಹಿಡಿದೆ. ನಿಂತು ತೆಗೆಸಿದ ಎದೆಯ ಎಕ್ಸ್‌ರೇಯಲ್ಲಿ ಎಡಗಡೆ ವಪೆಯ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆಯ, ಕೆಳಗೆ ಒಂದು ಕಪ್ಪು ಗುಳ್ಳೆ ಕಾಣಬೇಕು. ಊಟದ ಜೊತೆ ನುಂಗಿದ ಗಾಳಿ ಹೊಟ್ಟೆಯಲ್ಲಿ ನಿಂತಿರುವ ಗುರುತು ಅದು. ಟಿಬಿ ಅನುಮಾನಕ್ಕೆ ಹದಿನಾಲ್ಕು ತಿಂಗಳ ಹಿಂದೆ ತೆಗೆಸಿದ್ದ ಎಕ್ಸ್‌ರೇಯಲ್ಲಿ ಆ ಗುಳ್ಳೆ ಇರಲಿಲ್ಲ. ಎಲ್ಲರೂ ಶ್ವಾಸಕೋಶ ನೋಡಿದ್ದರು, ಅದು ಸ್ವಚ್ಛವಾಗಿತ್ತು. ಅದರ ಕೆಳಗೆ ಯಾರ ಕಣ್ಣೂ ಹೋಗಿರಲಿಲ್ಲ.

ಮಾರನೇ ದಿನ ಬೇರಿಯಂ ಪರೀಕ್ಷೆ. ಸುಣ್ಣದ ತಿಳಿಯಂತಿರುವ ಬಿಳಿ ದ್ರವ ಕುಡಿಸಿ, ಅದು ಇಳಿಯುವುದನ್ನು ಎಕ್ಸ್‌ರೇಯಲ್ಲಿ ನೋಡುವುದು. ಅನ್ನನಾಳ ಅಗಲವಾಗಿ ಉಬ್ಬಿತ್ತು. ಕೆಳಗೆ ಬರಬರುತ್ತಾ ಸಪೂರವಾಗಿ, ಕೊನೆಗೆ ಒಂದು ಗೆರೆಯಾಗಿತ್ತು. ಇದನ್ನು ಹಕ್ಕಿಯ ಕೊಕ್ಕು ಅಂತ ಪುಸ್ತಕಗಳು ಕರೆಯುತ್ತವೆ. ಅಪ್ಪ ನೋಡಿ "ಗಜ್ಜರಿ ಇದ್ದಂಗ ಐತಲ್ರಿ" ಅಂದರು. ಅದೇ ಸರಿಯಾದ ಹೋಲಿಕೆ ಅನಿಸಿತು. ಐದು ನಿಮಿಷ ಕಳೆದರೂ ಬಿಳಿ ದ್ರವ 12 ಸೆಂಟಿಮೀಟರ್ ಎತ್ತರಕ್ಕೆ ಹಾಗೇ ನಿಂತಿತ್ತು.

ಬೇರಿಯಂ ದುಬಾರಿ ಪರೀಕ್ಷೆ ಅಲ್ಲ. ದೊಡ್ಡ ಯಂತ್ರಕ್ಕೆ ಕಾಯಬೇಕಾಗಿಲ್ಲ. ಊಟಕ್ಕೆ ಅರ್ಧ ಗಂಟೆ ಮೀರುವ, ತುತ್ತು ತುತ್ತಿಗೂ ನೀರು ಕೇಳುವ, ರಾತ್ರಿ ಮಲಗಿದಾಗ ಕೆಮ್ಮುವ ಮಗುವಿನಲ್ಲಿ ಆಸಿಡಿಟಿ ಮಾತ್ರೆಯಿಂದ ಏನೂ ಬದಲಾಗದಿದ್ದರೆ ಇದನ್ನು ಮಾಡಿಸಬೇಕು. ಇನ್ನೊಂದು ಸಿರಪ್ ಬರೆಯುವ ಮುಂಚೆಯೇ ಮಾಡಿಸಬೇಕು ಅನ್ನುವುದು ನನ್ನ ಬಲವಾದ ಅಭಿಪ್ರಾಯ.

ಆಮೇಲೆ ಎಂಡೋಸ್ಕೋಪಿ, ಅಂದರೆ ಬಾಯಿಯಿಂದ ಕ್ಯಾಮೆರಾ ಇರುವ ನಳಿಕೆ ಇಳಿಸಿ ನೋಡುವುದು. ಹಿಂದಿನ ದಿನದ ಅನ್ನ ಸಿಕ್ಕಿತು. ಗಾಯ, ಗಂಟು, ಆಸಿಡ್‌ನಿಂದ ಆದ ಕಲೆ ಯಾವುದೂ ಇರಲಿಲ್ಲ. ಗೇಟಿನ ಹತ್ತಿರ ನಳಿಕೆ ಸ್ವಲ್ಪ ತಡೆದು, ಮೆತ್ತಗೆ ಒತ್ತಿದಾಗ ಒಳಗೆ ಹೋಯಿತು. ಗಾಯದ ಕಲೆಯಿಂದ ಕಿರಿದಾದ ಅನ್ನನಾಳ ಹೀಗೆ ದಾರಿ ಬಿಡುವುದಿಲ್ಲ.

ಕೊನೆಯದು ಮ್ಯಾನೊಮೆಟ್ರಿ. ಮೂಗಿನಿಂದ ತೆಳು ನಳಿಕೆ ಇಳಿಸಿ, ಚಮಚದಷ್ಟು ನೀರನ್ನು ಹತ್ತು ಸಲ ನುಂಗಿಸಿ, ಒಳಗಿನ ಒತ್ತಡ ಅಳೆಯುವುದು. ಎಚ್ಚರವಾಗಿರುವ ಮಗುವಿನಲ್ಲೇ ಮಾಡಬೇಕು, ಹಾಗಾಗಿ ಕಷ್ಟ. ಅವಳು ನರ್ಸಿನ ಕೈ ಹಿಡಿದುಕೊಂಡು ಹತ್ತೂ ಸಲ ನುಂಗಿದಳು. ಗೇಟು ಸಡಿಲವಾಗುತ್ತಿರಲಿಲ್ಲ, ಮೇಲಿಂದ ಒಂದು ಅಲೆಯೂ ಇಳಿಯುತ್ತಿರಲಿಲ್ಲ. ಪ್ರತಿ ಗುಟುಕಿಗೂ ಇಡೀ ಅನ್ನನಾಳದ ಒತ್ತಡ ಒಟ್ಟಿಗೇ ಏರುತ್ತಿತ್ತು. ಅಕಲೇಸಿಯಾದ ಮೂರು ಬಗೆಗಳಲ್ಲಿ ಇದು ಎರಡನೆಯದು. ಚಿಕಿತ್ಸೆಗೆ ಎಲ್ಲಕ್ಕಿಂತ ಚೆನ್ನಾಗಿ ಬಗ್ಗುವ ಬಗೆಯೂ ಇದೇ.

ಕಣ್ಣೀರಿನ ಪ್ರಶ್ನೆ

"ಅಳುವಾಗ ಇವಳ ಕಣ್ಣಲ್ಲಿ ನೀರು ಬರುತ್ತಾ?"

ಇದೆಂಥ ಪ್ರಶ್ನೆ ಅನ್ನುವ ಹಾಗೆ ಅಪ್ಪ ಅವ್ವ ಒಬ್ಬರ ಮುಖ ಒಬ್ಬರು ನೋಡಿದರು. ಆದರೆ ಅಕಲೇಸಿಯಾ ಇರುವ ಮಗುವಿನ ವಿಷಯದಲ್ಲಿ ಇದನ್ನು ಕೇಳದೆ ಆಪರೇಷನ್ ಟೇಬಲ್‌ಗೆ ಕರೆದುಕೊಂಡು ಹೋಗಬಾರದು. ಆಲ್‌ಗ್ರೋವ್ ಸಿಂಡ್ರೋಮ್ ಅಂತ ಒಂದಿದೆ. 1978ರಲ್ಲಿ ಇದನ್ನು ವಿವರಿಸಿದರು. ಹುಟ್ಟಿನಿಂದಲೇ ಬರುವ ಜೀನಿನ ದೋಷ. ಅದರಲ್ಲಿ ಮೂರು ತೊಂದರೆಗಳು ಜೊತೆಯಾಗಿ ಬರುತ್ತವೆ. ಅಕಲೇಸಿಯಾ ಒಂದು, ಕಣ್ಣೀರು ಬಾರದಿರುವುದು ಇನ್ನೊಂದು. ಮೂರನೆಯದು ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ಸೋಲುವುದು. ಅಪಾಯ ಇರುವುದು ಈ ಮೂರನೆಯದರಲ್ಲಿ. ಆಪರೇಷನ್ನಿನಂಥ ಪೆಟ್ಟು ಬಿದ್ದಾಗ ದೇಹಕ್ಕೆ ಈ ಗ್ರಂಥಿಯ ಕಾರ್ಟಿಸಾಲ್ ಅನ್ನುವ ಹಾರ್ಮೋನ್ ಜಾಸ್ತಿ ಬೇಕು. ಗ್ರಂಥಿ ಕೊಡದಿದ್ದರೆ ಬಿಪಿ, ಸಕ್ಕರೆ ಎರಡೂ ಕುಸಿಯಬಹುದು. ಮೊದಲೇ ಗೊತ್ತಿದ್ದರೆ ಸ್ಟೀರಾಯ್ಡ್ ಕೊಟ್ಟು ಕಾಪಾಡಬಹುದು.

"ಬರ್ತಾವ್ರಿ, ಭಾಳ ಬರ್ತಾವು" ಅಂದರು ಅವ್ವ. ರಕ್ತ ತೆಗೆಯುವಾಗ ನಾನೂ ನೋಡಿದೆ. ಬೆಳಿಗ್ಗೆ ಎಂಟರ ಕಾರ್ಟಿಸಾಲ್ ಸರಿಯಾಗಿತ್ತು. ಈ ಮಗುವಿಗೆ ಆ ಸಿಂಡ್ರೋಮ್ ಇರಲಿಲ್ಲ.

ಗೇಟು ಬಿಡಿಸುವ ದಾರಿಗಳು

ಸತ್ತ ನರಕೋಶಗಳು ವಾಪಸ್ ಬರುವುದಿಲ್ಲ. ಎಲ್ಲ ಚಿಕಿತ್ಸೆಯೂ ಗೇಟನ್ನು ಸಡಿಲ ಮಾಡುವುದಕ್ಕೇ ಇರುವುದು. ಈ ಪ್ರಯತ್ನ ಹಳೆಯದು. 17ನೇ ಶತಮಾನದಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ತಿಮಿಂಗಿಲದ ಬಾಯಿಯೊಳಗಿನ ಪಟ್ಟಿಯಿಂದ (ವೇಲ್‌ಬೋನ್) ಮಾಡಿದ ಕಡ್ಡಿಯ ತುದಿಗೆ ಸ್ಪಂಜು ಕಟ್ಟಿ, ಒಬ್ಬ ರೋಗಿಯ ಅನ್ನವನ್ನು ಕೆಳಗೆ ತಳ್ಳುವ ದಾರಿ ಕಂಡುಹಿಡಿದಿದ್ದರು. ಆ ಮನುಷ್ಯ ಊಟ ಊಟಕ್ಕೂ ಆ ಕಡ್ಡಿ ಬಳಸಿ ವರ್ಷಗಟ್ಟಲೆ ಬದುಕಿದ.

ಈಗಿರುವ ದಾರಿಗಳನ್ನು ಅಪ್ಪ ಅವ್ವನ ಮುಂದಿಟ್ಟೆ. ಮಾತ್ರೆಗಳಿಂದ ಹೆಚ್ಚು ಉಪಯೋಗವಿಲ್ಲ. ಬೊಟಾಕ್ಸ್ ಇಂಜೆಕ್ಷನ್ ಕೆಲವು ತಿಂಗಳು ನಿಲ್ಲುತ್ತದೆ, ಆಮೇಲೆ ಮತ್ತೆ ಮೊದಲಿನ ಸ್ಥಿತಿ. ಪದೇ ಪದೇ ಚುಚ್ಚಿದರೆ ಅಲ್ಲಿ ಕಲೆ ಕಟ್ಟಿ ಮುಂದಿನ ಸರ್ಜರಿ ಕಷ್ಟವಾಗುತ್ತದೆ. ಆಪರೇಷನ್ ತಡೆಯಲಾಗದಷ್ಟು ಬಳಲಿದ ಮಗುವಿಗೆ ಮಾತ್ರ ಅದನ್ನು ಯೋಚಿಸುತ್ತೇನೆ. ಬಲೂನ್ ಹಾಕಿ ಹಿಗ್ಗಿಸಬಹುದು. ದೊಡ್ಡವರಲ್ಲಿ ಬಲೂನ್ ಮತ್ತು ಸರ್ಜರಿಯ ಫಲ ಎರಡು ವರ್ಷದವರೆಗೆ ಹೆಚ್ಚುಕಡಿಮೆ ಒಂದೇ ಅಂತ 2011ರ ಯುರೋಪಿನ ಅಧ್ಯಯನ ತೋರಿಸಿದೆ. ಮಕ್ಕಳಲ್ಲಿ ಬಲೂನನ್ನು ಮತ್ತೆ ಮತ್ತೆ ಹಾಕಬೇಕಾಗುತ್ತದೆ. ಪ್ರತಿ ಸಲ ಅರಿವಳಿಕೆ ಬೇಕು, ಪ್ರತಿ ಸಲ ಅನ್ನನಾಳ ಹರಿಯುವ ಭಯ. ಇವಳಿಗೆ ಮುಂದೆ ಅರವತ್ತು ಎಪ್ಪತ್ತು ವರ್ಷದ ಬದುಕಿದೆ, ಅಲ್ವಾ?

ಉಳಿದದ್ದು ಬಿಗಿಯಾದ ಸ್ನಾಯುವನ್ನು ಕತ್ತರಿಸುವುದು. ಜರ್ಮನಿಯ ಅರ್ನ್ಸ್ಟ್ ಹೆಲ್ಲರ್ 1913ರಲ್ಲಿ ಮೊದಲು ಮಾಡಿದರು, ಆಪರೇಷನ್ನಿಗೆ ಇವತ್ತಿಗೂ ಅವರ ಹೆಸರೇ ಇದೆ. ಆಗ ಹೊಟ್ಟೆ ಅಥವಾ ಎದೆ ತೆರೆಯಬೇಕಿತ್ತು. 1991ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ಆಲ್ಫ್ರೆಡ್ ಕುಶಿಯೇರಿ ಮತ್ತು ಜೊತೆಯವರು ಇದೇ ಆಪರೇಷನ್ನನ್ನು ಕೀಹೋಲ್ ಮೂಲಕ, ಅಂದರೆ ಸಣ್ಣ ತೂತುಗಳಿಂದ ಕ್ಯಾಮೆರಾ ಮತ್ತು ಉಪಕರಣ ಇಳಿಸಿ, ಮಾಡಿದ್ದನ್ನು ಪ್ರಕಟಿಸಿದರು. 2008ರಲ್ಲಿ ಜಪಾನಿನ ಹರುಹಿರೊ ಇನೋವೆ ಹೊಟ್ಟೆಗೆ ಒಂದು ತೂತೂ ಇಲ್ಲದೆ, ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ ಒಳಗಿನಿಂದಲೇ ಸ್ನಾಯು ಕತ್ತರಿಸುವ ಪೋಎಂ ವಿಧಾನವನ್ನು ಶುರುಮಾಡಿದರು.

ಅಪ್ಪ ಎಲ್ಲ ಕೇಳಿಸಿಕೊಂಡು ಒಂದು ಪ್ರಶ್ನೆ ಕೇಳಿದರು. "ಗೇಟ ಕೊಯ್ದು ಹಾಕಿದ್ರ, ಕೆಳಗಿನ ನೀರು ಮ್ಯಾಲ ಬರಂಗಿಲ್ಲೇನ್ರಿ?"

ಎಂಥ ಪ್ರಶ್ನೆ! ಬರುತ್ತದೆ. ಹೊಟ್ಟೆಯ ಆಸಿಡ್ ಅನ್ನನಾಳಕ್ಕೆ ಏರುತ್ತದೆ. ತಳ್ಳುವ ಶಕ್ತಿ ಇಲ್ಲದ ಅನ್ನನಾಳ ಅದನ್ನು ವಾಪಸ್ ಕಳಿಸಲಾರದು. ಹಾಗಾಗಿ ಹೆಲ್ಲರ್ ಆಪರೇಷನ್ನಿನ ಜೊತೆ ಹೊಟ್ಟೆಯ ಮೇಲ್ಭಾಗವನ್ನು ಅನ್ನನಾಳದ ಮುಂದೆ ಮಡಚಿ, ಹೊದಿಕೆಯಂತೆ ಹೊಲಿಯುತ್ತೇವೆ. ಇದಕ್ಕೆ ಡೋರ್ ವಿಧಾನ ಅಂತ ಹೆಸರು. ಸುತ್ತಲೂ ಪೂರ್ತಿ ಸುತ್ತುವುದಿಲ್ಲ, ಮುಂಭಾಗದ ಅರ್ಧ ಸುತ್ತು ಮಾತ್ರ. ಪೂರ್ತಿ ಸುತ್ತಿದರೆ ಬಿಡಿಸಿದ ಗೇಟನ್ನು ಮತ್ತೆ ಕಟ್ಟಿದ ಹಾಗಾಗುತ್ತದೆ. ಪೋಎಂನಲ್ಲಿ ಈ ಹೊದಿಕೆ ಇರುವುದಿಲ್ಲ, ಆಮೇಲೆ ಆಸಿಡ್ ಏರುವುದು ಜಾಸ್ತಿ. ಉದ್ದ ಕೊಯ್ತ ಬೇಕಾಗುವ ಮೂರನೇ ಬಗೆಯ ಅಕಲೇಸಿಯಾಕ್ಕೆ ಪೋಎಂ ಒಳ್ಳೆಯದು, ಒಪ್ಪುತ್ತೇನೆ. ಎರಡನೇ ಬಗೆಯ, ಬೆಳೆಯುವ ವಯಸ್ಸಿನ ಈ ಹುಡುಗಿಗೆ ಹೊದಿಕೆ ಸಮೇತದ ಕೀಹೋಲ್ ಆಪರೇಷನ್ನೇ ಸರಿ ಅನ್ನಿಸಿತು.

ಮೊದಲು ಊಟ, ಆಮೇಲೆ ಆಪರೇಷನ್

22 ಕಿಲೋದ ಮಗುವನ್ನು ತಕ್ಷಣ ಕರೆದುಕೊಂಡು ಹೋಗಲಿಲ್ಲ. ಎಂಡೋಸ್ಕೋಪಿ ನೋಡುತ್ತಾ ತೆಳು ನಳಿಕೆಯೊಂದನ್ನು ಹೊಟ್ಟೆಗೆ ಇಳಿಸಿ, ಮೂರು ವಾರ ಅದರಿಂದ ಆಹಾರ ಕೊಟ್ಟೆವು. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ತುಂಬಿಸಬಾರದು. ನಿಧಾನವಾಗಿ ಏರಿಸಿ, ರಕ್ತದ ಲವಣ ನೋಡುತ್ತಾ ಹೋಗಬೇಕು. ಹಾಲು, ಗಂಜಿ, ಸೋಸಿದ ಬೇಳೆಕಟ್ಟು. ತೂಕ 24 ಕಿಲೋಕ್ಕೆ ಬಂತು. ರಾತ್ರಿ ತಲೆಯ ಕಡೆ ಮಂಚ ಎತ್ತರಿಸಿದ್ದಕ್ಕೇ ಕೆಮ್ಮು ಅರ್ಧ ಕಡಿಮೆಯಾಯಿತು. ಈ ಮೂರು ವಾರದಲ್ಲಿ ಅಪ್ಪ ಬಿಪಿಎಲ್ ಕಾರ್ಡ್ ಹಿಡಿದು ಓಡಾಡಿ ಸರ್ಕಾರಿ ಯೋಜನೆಯ ಕಾಗದಪತ್ರ ಮುಗಿಸಿದರು.

ಆಪರೇಷನ್ನಿಗೆ ಎರಡು ದಿನ ಮೊದಲಿನಿಂದ ತಿಳಿ ದ್ರವ ಮಾತ್ರ. ಇಂಥ ಮಗುವಿಗೆ 'ರಾತ್ರಿ ಹನ್ನೆರಡರಿಂದ ಖಾಲಿ ಹೊಟ್ಟೆ' ಅನ್ನುವ ಸಾಮಾನ್ಯ ನಿಯಮ ಸಾಲದು. ಹೊಟ್ಟೆ ಖಾಲಿ ಇದ್ದರೂ ಅನ್ನನಾಳ ತುಂಬಿರುತ್ತದೆ. ಅರಿವಳಿಕೆ ಕೊಟ್ಟ ಗಳಿಗೆಯಲ್ಲಿ ಅದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅರಿವಳಿಕೆ ಡಾಕ್ಟರು ಮೊದಲು ದಪ್ಪ ನಳಿಕೆಯಿಂದ ಅನ್ನನಾಳವನ್ನು ಹೀರಿ ಖಾಲಿ ಮಾಡಿದರು. ತಲೆ ಎತ್ತರ ಇಟ್ಟುಕೊಂಡೇ ಮಲಗಿಸಿ, ಬೇಗ ಬೇಗ ಶ್ವಾಸನಾಳಕ್ಕೆ ಟ್ಯೂಬ್ ಹಾಕಿದರು. ಆ ಅರ್ಧ ನಿಮಿಷ ಥಿಯೇಟರಿನಲ್ಲಿ ಯಾರೂ ಮಾತಾಡಲಿಲ್ಲ.

ಐದು ತೂತು, ಒಂದು ಗುಳ್ಳೆ

ಹೊಕ್ಕುಳಲ್ಲಿ ಒಂದು, ಮೇಲ್ಹೊಟ್ಟೆಯಲ್ಲಿ ನಾಲ್ಕು. ಎಲ್ಲವೂ 5 ಮಿಲಿಮೀಟರಿನವು. ಕಾರ್ಬನ್ ಡೈಆಕ್ಸೈಡ್ ತುಂಬಿಸಿ ಹೊಟ್ಟೆ ಉಬ್ಬಿಸಿದೆವು. ದೊಡ್ಡವರಿಗೆ ಇಡುವಷ್ಟು ಒತ್ತಡ ಮಕ್ಕಳಿಗೆ ಇಡುವುದಿಲ್ಲ, 10 ಮಿಲಿಮೀಟರ್ ಪಾದರಸದಲ್ಲಿ ನಿಲ್ಲಿಸಿದೆವು. ಒಂದು ಉಪಕರಣ ಲಿವರಿನ ಎಡಭಾಗವನ್ನು ಎತ್ತಿ ಹಿಡಿಯಿತು. ಅದರಡಿ ಅನ್ನನಾಳ ವಪೆಯ ಕಿಂಡಿಯಿಂದ ಹೊಟ್ಟೆಗೆ ಇಳಿಯುವ ಜಾಗ ಕಂಡಿತು. ಮುಂಭಾಗದಲ್ಲಿ ಬಿಳಿ ದಾರದಂತೆ ವೇಗಸ್ ನರ ಹಾದುಹೋಗುತ್ತದೆ. ಅದನ್ನು ಗುರುತಿಸಿ ಪಕ್ಕಕ್ಕೆ ಸರಿಸಿಕೊಂಡೆವು.

ಕೀಹೋಲ್ ಅಂದ ಕೂಡಲೇ ಸಣ್ಣ ಗಾಯ, ಕಡಿಮೆ ನೋವು, ಬೇಗ ಮನೆಗೆ ಅಂತ ಜನ ಹೇಳುತ್ತಾರೆ. ಅದು ನಿಜ. ಆದರೆ ಈ ಆಪರೇಷನ್ನಿನಲ್ಲಿ ನನಗೆ ಅದಕ್ಕಿಂತ ದೊಡ್ಡದು ಕಣ್ಣಿಗೆ ಸಿಗುವ ಹತ್ತಿರದ ನೋಟ. ಇಷ್ಟು ಆಳದ ಜಾಗವನ್ನು ಕ್ಯಾಮೆರಾ ಹಲವು ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಸ್ನಾಯುವಿನ ಒಂದೊಂದು ಎಳೆಯೂ ಬೇರೆಯಾಗಿ ಕಾಣುತ್ತದೆ.

ಮೊದಲ ಪದರದ ಎಳೆಗಳು ಉದ್ದಕ್ಕೆ ಹೋಗುತ್ತವೆ. ಅವನ್ನು ಬಿಡಿಸಿದರೆ ಕೆಳಗೆ ಅಡ್ಡಕ್ಕೆ ಬಳೆಯಂತೆ ಸುತ್ತಿದ ಎಳೆಗಳು. ಬಿಗಿ ಇರುವುದು ಇವುಗಳಲ್ಲಿ. ಒಂದೊಂದನ್ನೇ ಕೊಕ್ಕೆಯಿಂದ ಎತ್ತಿ, ಅನ್ನನಾಳದ ಒಳಗಿನ ತೆಳು ಲೋಳೆಪೊರೆಯಿಂದ ದೂರ ಹಿಡಿದು ಕತ್ತರಿಸಬೇಕು. ನೆನೆದ ಶೇಂಗಾದ ಕೆಂಪು ಸಿಪ್ಪೆಯನ್ನು ಕಾಳಿಗೆ ಗೀರು ಬೀಳದ ಹಾಗೆ ಸುಲಿಯುವಷ್ಟು ಎಚ್ಚರ ಬೇಕು. ಕತ್ತರಿಸುತ್ತಾ ಹೋದ ಹಾಗೆ ಒಳಗಿನ ಲೋಳೆಪೊರೆ ಮುತ್ತಿನ ಬಣ್ಣದಲ್ಲಿ ಹೊರಗೆ ಉಬ್ಬುತ್ತದೆ. ಎರಡು ವರ್ಷದಿಂದ ಒತ್ತಿಹಿಡಿದಿದ್ದು ಬಿಟ್ಟುಕೊಂಡದ್ದು ಆಗ ಕಣ್ಣಿಗೆ ಕಾಣುತ್ತದೆ.

ಅನ್ನನಾಳದ ಮೇಲೆ 5 ಸೆಂಟಿಮೀಟರ್ ಕತ್ತರಿಸಿದೆವು. ಹೊಟ್ಟೆಯ ಗೋಡೆಯ ಮೇಲೂ 2 ಸೆಂಟಿಮೀಟರ್ ಇಳಿಸಬೇಕು. ಇಲ್ಲಿ ಜಿಪುಣತನ ಮಾಡಿದರೆ ನುಂಗುವ ತೊಂದರೆ ವಾಪಸ್ ಬರುತ್ತದೆ. ಆದರೆ ಅಪಾಯದ ಜಾಗವೂ ಅದೇ. ಅಲ್ಲಿ ಎಳೆಗಳ ದಿಕ್ಕು ಬದಲಾಗುತ್ತದೆ, ಪೊರೆ ತೆಳುವಾಗಿ ಅಂಟಿಕೊಂಡಿರುತ್ತದೆ.

ಮುಗಿದ ಮೇಲೆ ಆ ಜಾಗಕ್ಕೆ ಸಲೈನ್ ತುಂಬಿಸಿ, ಎಂಡೋಸ್ಕೋಪ್‌ನಿಂದ ಒಳಗೆ ಗಾಳಿ ಊದಿದೆವು. ಪಂಚರ್ ಅಂಗಡಿಯವರು ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಮುಳುಗಿಸಿ ನೋಡುತ್ತಾರಲ್ಲ, ಹಾಗೇ. ಒಂದು ಗುಳ್ಳೆ ಬಂತು. ನಿಂತು ನೋಡಿದೆವು. ಅದೇ ಜಾಗದಿಂದ ಇನ್ನೊಂದು. ಹೊಟ್ಟೆಯ ಕಡೆಯ ತುದಿಯಲ್ಲಿ ಲೋಳೆಪೊರೆಗೆ ಸುಮಾರು 2 ಮಿಲಿಮೀಟರ್ ತೂತು ಬಿದ್ದಿತ್ತು. ಕೊಕ್ಕೆ ನನ್ನ ಕೈಯಲ್ಲಿತ್ತು. ತೂತು ಮಾಡಿದ್ದು ನಾನೇ.

ಕರಗುವ ತೆಳು ದಾರದಿಂದ ಎರಡು ಹೊಲಿಗೆ ಹಾಕಿದೆವು. ಮತ್ತೆ ಗಾಳಿ ಊದಿದಾಗ ಗುಳ್ಳೆ ಬರಲಿಲ್ಲ. ಆಮೇಲೆ ಹೊಟ್ಟೆಯ ಮೇಲ್ಭಾಗವನ್ನು ತಂದು ಕೊಯ್ತದ ಮೇಲೆ ಹೊದಿಸಿ ಎರಡೂ ಅಂಚಿಗೆ ಹೊಲಿದೆವು. ಡೋರ್ ಹೊದಿಕೆಯ ಇನ್ನೊಂದು ಉಪಕಾರ ಇದು. ಆಸಿಡ್ ತಡೆಯುವುದರ ಜೊತೆಗೆ ಹೊಲಿದ ಜಾಗಕ್ಕೆ ರಕ್ಷಣೆಯಾಗಿ ಕೂರುತ್ತದೆ. ಒಟ್ಟು ಹಿಡಿದದ್ದು ಮೂರು ಗಂಟೆಯ ಹತ್ತಿರ.

ಹೊರಗೆ ಬಂದು ಅಪ್ಪ ಅವ್ವನಿಗೆ ಮೊದಲು ಹೇಳಿದ್ದು ತೂತಿನ ವಿಷಯ. ಎಲ್ಲಿ ಆಯಿತು, ಹೇಗೆ ಗೊತ್ತಾಯಿತು, ಏನು ಮಾಡಿದೆವು, ಇದರಿಂದ ಎರಡು ದಿನ ಜಾಸ್ತಿ ಯಾಕೆ ಕಾಯಬೇಕು. ಈ ಆಪರೇಷನ್ನಿನಲ್ಲಿ ಹೀಗಾಗಬಹುದು ಅಂತ ಸಹಿ ಹಾಕಿಸಿಕೊಳ್ಳುವಾಗಲೇ ಹೇಳಿದ್ದೆ. ಟೇಬಲ್ ಮೇಲೆ ಸಿಕ್ಕಿ ಹೊಲಿದ ತೂತಿನಿಂದ ಸಾಮಾನ್ಯವಾಗಿ ಕೆಡುಕಾಗುವುದಿಲ್ಲ. ಕಣ್ಣಿಗೆ ಬೀಳದೆ ಉಳಿದದ್ದು ಎರಡು ದಿನದ ಮೇಲೆ ಜ್ವರ, ಎದೆನೋವು, ಸೋಂಕಾಗಿ ಬರುತ್ತದೆ. ಗಾಳಿ ಊದಿ ನೋಡದೆ ಹೊಟ್ಟೆ ಮುಚ್ಚಬಾರದು ಅನ್ನುವುದು ಅದಕ್ಕೇ.

ಕುಳಿತು ಕುಡಿದ ನೀರು

ಎಲ್ಲ ಸರಿಯಾಗಿದ್ದರೆ ಮಾರನೇ ದಿನವೇ ಗುಟುಕು ನೀರು ಕೊಡುತ್ತೇವೆ. ಇವಳಿಗೆ ಮೂರನೇ ದಿನದವರೆಗೆ ಬಾಯಿಗೆ ಏನೂ ಇಲ್ಲ. ಮೊದಲ ದಿನ ಅವಳು ಹೊಟ್ಟೆಗಿಂತ ಭುಜ ನೋಯುತ್ತದೆ ಅಂದಳು. ಅವ್ವ ಗಾಬರಿಯಾದರು. ತುಂಬಿಸಿದ ಗಾಳಿ ವಪೆಯನ್ನು ಕೆರಳಿಸಿದರೆ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ಒಂದೂವರೆ ದಿನದಲ್ಲಿ ತಾನೇ ಹೋಯಿತು.

ಮೂರನೇ ದಿನ ನೀರಿನಲ್ಲಿ ಕರಗುವ ಬಣ್ಣ ಕುಡಿಸಿ ಎಕ್ಸ್‌ರೇ ನೋಡಿದೆವು. ಸೋರಿಕೆ ಇಲ್ಲ. ಬಣ್ಣ ನಿಲ್ಲದೆ ಹೊಟ್ಟೆಗೆ ಇಳಿಯಿತು. ವಾರ್ಡಿಗೆ ಬಂದ ಮೇಲೆ ನರ್ಸು ಲೋಟದಲ್ಲಿ ನೀರು ಕೊಟ್ಟರು. ಹುಡುಗಿ ರೂಢಿಯಂತೆ ಮಂಚದಿಂದ ಕಾಲು ಕೆಳಗಿಟ್ಟಳು. ಆಮೇಲೆ ನನ್ನ ಕಡೆ ನೋಡಿ ಕೇಳಿದಳು, "ಕುಂತ ಕುಡೀಲೇನ್ರಿ?"

ಕುಡಿ ಅಂದೆ. ಕುಳಿತೇ ಕುಡಿದಳು. ಎದೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕಾದಳು. ಕಾಯುವಂಥದ್ದು ಏನೂ ಇರಲಿಲ್ಲ. ಮತ್ತೆ ಲೋಟ ಚಾಚಿದಳು.

ಐದನೇ ದಿನ ಮನೆಗೆ ಹೋದಳು. ನಾಲ್ಕು ವಾರ ಮೆತ್ತಗಿನ ಊಟ: ಗಂಜಿ, ಮೊಸರನ್ನ, ನುಣ್ಣಗೆ ಕಲಸಿದ ಅನ್ನ ಸಾರು. ಆರನೇ ವಾರ ಬಂದಾಗ ಬುತ್ತಿಯಲ್ಲಿ ರೊಟ್ಟಿ ತಂದಿದ್ದರು. ನನ್ನ ಎದುರಿಗೇ ಒಂದು ಪೂರ್ತಿ ರೊಟ್ಟಿ ತಿಂದಳು. 18 ನಿಮಿಷ. ನೀರು ಕುಡಿದಳು, ಎದ್ದು ನಿಲ್ಲಲಿಲ್ಲ.

ಒಂದು ವರ್ಷದ ಲೆಕ್ಕ

ನುಂಗುವ ಕಷ್ಟ, ಬಾಯಿಗೆ ವಾಪಸ್ ಬರುವುದು, ಎದೆನೋವು, ತೂಕ ಇಳಿಯುವುದು. ಈ ನಾಲ್ಕಕ್ಕೂ 0ರಿಂದ 3ರವರೆಗೆ ಅಂಕ ಕೊಟ್ಟು ಕೂಡಿಸುವ ಎಕಾರ್ಟ್ ಲೆಕ್ಕ ಇದೆ. ದೊಡ್ಡವರಿಗಾಗಿ ಮಾಡಿದ್ದು, ಮಕ್ಕಳಿಗೂ ಬಳಸುತ್ತೇವೆ. 3 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಚಿಕಿತ್ಸೆ ಫಲಿಸಿದೆ ಅಂತ. ಇವಳದು ಮೊದಲು 8 ಇತ್ತು, ವರ್ಷದ ಮೇಲೆ 1. ಐದು ನಿಮಿಷದ ಬೇರಿಯಂನಲ್ಲಿ 12 ಸೆಂಟಿಮೀಟರ್ ಇದ್ದದ್ದು 2ಕ್ಕೆ ಇಳಿದಿತ್ತು. ತೂಕ 31 ಕಿಲೋ. ಇನ್ಹೇಲರನ್ನು ಮಕ್ಕಳ ಡಾಕ್ಟರ ಜೊತೆ ಮಾತಾಡಿ ಹಂತ ಹಂತವಾಗಿ ನಿಲ್ಲಿಸಿದ್ದೆವು, ಕೆಮ್ಮು ವಾಪಸ್ ಬರಲಿಲ್ಲ.

ಎಲ್ಲವೂ ನೇರವಾಗಿ ಹೋಗಲಿಲ್ಲ. ಹತ್ತನೇ ತಿಂಗಳಲ್ಲಿ ಎದೆಯುರಿ ಶುರುವಾಯಿತು. ಈ ಸಲ ಬಾಯಿಗೆ ಬಂದದ್ದು ಹುಳಿಯಾಗಿತ್ತು, ಅವ್ವ ಫೋನಿನಲ್ಲಿ ಮೊದಲು ಅದನ್ನೇ ಹೇಳಿದರು. ಆಸಿಡ್ ಕಡಿಮೆ ಮಾಡುವ ಮಾತ್ರೆ ಎರಡು ತಿಂಗಳು ಕೊಟ್ಟ ಮೇಲೆ ಕಡಿಮೆಯಾಯಿತು. ಎಂಡೋಸ್ಕೋಪಿಯಲ್ಲಿ ಗಾಯ ಇರಲಿಲ್ಲ.

ಗೇಟು ಬಿಡಿಸಿದ್ದೇವೆ, ಅಷ್ಟೇ. ಅನ್ನನಾಳದ ತಳ್ಳುವ ಶಕ್ತಿ ಬಂದಿಲ್ಲ, ಬರುವುದೂ ಇಲ್ಲ. ಇವಳು ಉಂಡ ಅನ್ನ ತನ್ನ ಭಾರದಿಂದಲೇ ಇಳಿಯುತ್ತದೆ. ಹಾಗಾಗಿ ನೆಟ್ಟಗೆ ಕುಳಿತು ಉಣ್ಣಬೇಕು, ನಿಧಾನವಾಗಿ ಅಗಿಯಬೇಕು, ಪಕ್ಕದಲ್ಲಿ ನೀರು ಇರಬೇಕು. ರಾತ್ರಿ ಉಂಡು ಮೂರು ತಾಸಿನವರೆಗೆ ಮಲಗಬಾರದು. ಕೆಲವು ಮಕ್ಕಳಲ್ಲಿ ವರ್ಷಗಳ ಮೇಲೆ ತುತ್ತು ಮತ್ತೆ ಸಿಕ್ಕಿಕೊಳ್ಳಲು ಶುರುವಾಗುತ್ತದೆ, ಆಗ ಬಲೂನ್ ಅಥವಾ ಪೋಎಂ ದಾರಿ ಇದೆ. ದಶಕಗಳ ಮೇಲೆ ಇಂಥ ಅನ್ನನಾಳದಲ್ಲಿ ಕ್ಯಾನ್ಸರ್ ಆಗುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಇದನ್ನು ಅಪ್ಪ ಅವ್ವನಿಗೆ ಹೆದರಿಸದೆ, ಮುಚ್ಚಿಡದೆ ಹೇಳಿದ್ದೇನೆ. ಅವಳಿಗೆ 18 ತುಂಬಿದಾಗ ದೊಡ್ಡವರ ಗ್ಯಾಸ್ಟ್ರೋ ಡಾಕ್ಟರಿಗೆ ಕೊಡಲು ಕಡತದಲ್ಲಿ ಒಂದು ಪತ್ರ ಈಗಲೇ ಬರೆದಿಟ್ಟಿದ್ದೇನೆ. ಅದರಲ್ಲಿ ಆ 2 ಮಿಲಿಮೀಟರ್ ತೂತಿನ ಜಾಗವೂ ಚಿತ್ರ ಸಮೇತ ಇದೆ.

ಕೊನೆಯ ಸಲ ಬಂದಾಗ ಒಂದು ಹೊಸ ತೊಂದರೆ ತಂದಿದ್ದರು. ಹೈಸ್ಕೂಲಿನಲ್ಲಿ ಊಟದ ಬೆಲ್ ಬೇಗ ಆಗುತ್ತದಂತೆ. ಮುಗಿಯುವ ಮೊದಲೇ ತಟ್ಟೆ ತೊಳೆಯಲು ಏಳಬೇಕು. ಹೆಡ್‌ಮಾಸ್ತರರಿಗೆ ಒಂದು ಚೀಟಿ ಬರೆದುಕೊಟ್ಟೆ: ಊಟಕ್ಕೆ ಹತ್ತು ನಿಮಿಷ ಜಾಸ್ತಿ ಕೊಡಿ, ಕ್ಲಾಸಿನಲ್ಲೂ ನೀರಿನ ಬಾಟಲಿ ಇಟ್ಟುಕೊಳ್ಳಲು ಬಿಡಿ, ಉಂಡ ತಕ್ಷಣ ಆಟದ ಪಿರಿಯಡ್ಡಿನಲ್ಲಿ ಬಗ್ಗುವ ಕಸರತ್ತು ಬೇಡ. ಹುಡುಗಿ ಚೀಟಿಯನ್ನು ಎರಡು ಸಲ ಓದಿ, ಮಡಚಿ, ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಂಡಳು.